ದಿನಾ ಮೂರು ಒಳ್ಳೆಯದು ಬರೆದರೂ ಮನಸ್ಸು ಇದ್ದಲ್ಲೇ ಇದೆ. ಈ ಪಾಸಿಟಿವ್ ಸೈಕಾಲಜಿ ನಿಜಕ್ಕೂ ಕೆಲಸ ಮಾಡುತ್ತದಾ?

ತುಂಗೆ_ದಡದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ನಾನೇ ಕೇಳುವ ಹಾಗಾಯಿತು.

ನನಗೆ 36. ಊರು ಶಿವಮೊಗ್ಗ, ಇರುವುದು ಬೆಂಗಳೂರು. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಗಂಡ, ಮೂರನೇ ಕ್ಲಾಸಿನ ಮಗಳು, ಅತ್ತೆ. ಹೇಳಿಕೊಳ್ಳುವಂಥ ಕಷ್ಟ ಏನೂ ಇಲ್ಲ. ಅದೇ ಕಷ್ಟ ಅನ್ನಿ. ಎಲ್ಲಾ ಸರಿಯಾಗಿಯೇ ಇದೆ, ಯಾವುದರಲ್ಲೂ ರುಚಿ ಇಲ್ಲ, ಉಪ್ಪು ಹಾಕಲು ಮರೆತ ಸಾರಿನ ಹಾಗೆ. ಯಾರಿಗಾದರೂ ಹೇಳಿದರೆ "ನಿನಗೇನು ಕಮ್ಮಿ" ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ.

ಗೆಳತಿಯೊಬ್ಬಳು ಪಾಸಿಟಿವ್ ಸೈಕಾಲಜಿ, ಅಂದರೆ ಸಂತೋಷವಾಗಿರುವುದು ಹೇಗೆ ಅಂತ ನೋಡುವ ಮನಃಶಾಸ್ತ್ರ, ಅದನ್ನು ಕಲಿಸುವ ಅಮೆರಿಕದ ಯೇಲ್ ಯೂನಿವರ್ಸಿಟಿಯ ಕೋರ್ಸ್ ಬಗ್ಗೆ ಹೇಳಿದಳು. ಲಾರಿ ಸ್ಯಾಂಟೋಸ್ ಎನ್ನುವ ಮೇಡಂ 2018ರಲ್ಲಿ ಶುರು ಮಾಡಿದ್ದು, ಮೊದಲ ಸಲವೇ ಸುಮಾರು 1,200 ಹುಡುಗ ಹುಡುಗಿಯರು ಸೇರಿಕೊಂಡಿದ್ದರಂತೆ. ಅದೇ ಪಾಠ ಕೋರ್ಸೆರಾ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಪಾತ್ರೆ ತೊಳೆದು, ಮಗಳನ್ನು ಮಲಗಿಸಿ, ದಿನಾ ಅರ್ಧ ಗಂಟೆ ಕೇಳಿದೆ. ಚೆನ್ನಾಗಿತ್ತು. ಆಮೇಲೆ ಇನ್ನೂ ಒಂದಷ್ಟು ಓದಿ, ದಿನಾ ಮಲಗುವ ಮುಂಚೆ ಆ ದಿನದ ಮೂರು ಒಳ್ಳೆಯ ಸಂಗತಿ ಬರೆಯುವುದಕ್ಕೆ ಶುರು ಮಾಡಿದೆ. ಮಗಳ ಶಾಲೆಗೆ ತಂದಿದ್ದರಲ್ಲಿ ಉಳಿದ 200 ಪುಟದ ನೋಟ್‌ಬುಕ್ಕು.

ಮೊದಲನೇ ವಾರ ಏನೋ ಹಗುರ ಅನ್ನಿಸಿತು. ಇವತ್ತಿಗೆ 24 ದಿನ. ನಿನ್ನೆ ಹಿಂದಕ್ಕೆ ತಿರುವಿ ನೋಡಿದರೆ ಹೀಗಿದೆ: 1. ಮನೆಯವರೆಲ್ಲ ಆರೋಗ್ಯವಾಗಿದ್ದಾರೆ. 2. ಕೆಲಸ ಇದೆ. 3. ಊಟ ಚೆನ್ನಾಗಿತ್ತು. ಮರುದಿನವೂ ಅದೇ. ಅದರ ಮರುದಿನ "ಮೇಲಿನಂತೆ" ಅಂತ ಬರೆದಿದ್ದೇನೆ. ಅಕೌಂಟ್ಸ್ ಬುದ್ಧಿ ಎಲ್ಲಿ ಹೋಗುತ್ತದೆ. ಅತ್ತೆ ಒಂದು ದಿನ ನೋಟ್‌ಬುಕ್ ನೋಡಿ "ಇದೇನಮ್ಮಾ, ಹಾಲಿನವನ ಲೆಕ್ಕನಾ?" ಅಂತ ಕೇಳಿದರು. ಹೌದು ಅಂದೆ.

ಇದರ ಜೊತೆಗೆ ಆಫೀಸಿನಲ್ಲೂ ಒಬ್ಬ ಟ್ರೈನರ್ ಬಂದಿದ್ದರು. ಬೆಳಿಗ್ಗೆ ಕನ್ನಡಿ ಮುಂದೆ ನಿಂತು "ನಾನು ಸಂತೋಷವಾಗಿದ್ದೇನೆ, ನಾನು ಎಲ್ಲರಿಗೂ ಬೇಕಾದವಳು" ಅಂತ ಹತ್ತು ಸಲ ಹೇಳಿಕೊಳ್ಳಿ ಅಂದರು. ನಾಲ್ಕನೇ ಸಲಕ್ಕೆ ನನ್ನ ಮುಖ ನೋಡಿಕೊಳ್ಳಲು ನನಗೇ ನಾಚಿಕೆಯಾಗಿ ಹಲ್ಲುಜ್ಜಲು ಶುರು ಮಾಡಿದೆ.

ಯಾರಾದರೂ ಇದನ್ನೆಲ್ಲ ನಿಜವಾಗಿ ಮಾಡಿ ನೋಡಿದ್ದೀರಾ? ನಾನು ಮಾಡುವುದು ತಪ್ಪಾ, ಅಥವಾ ಇದೇ ಒಂದು ಬೊಗಳೆಯಾ?

---

ಮೈಸೂರ್_ಮಲ್ಲಿಗೆಮೊಗ್ಗು ಬರೆದಿದ್ದು:

"ಮೇಲಿನಂತೆ" ಓದಿ ಜೋರಾಗಿ ನಕ್ಕುಬಿಟ್ಟೆ ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಾನು ಸೈಕಾಲಜಿ ಎಂಎಸ್ಸಿ ಮಾಡಿದವಳು, ನನ್ನ ನೋಟ್‌ಬುಕ್ಕಿನಲ್ಲೂ "ಕಾಫಿ" ಅಂತ ಒಂದೇ ಪದ ಹನ್ನೊಂದು ದಿನ ಇತ್ತು.

ನೀವು ಅರ್ಧ ಮಾತ್ರ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಈ ಮೂರು ಸಂಗತಿಯ ಅಭ್ಯಾಸವನ್ನು ಪಾಸಿಟಿವ್ ಸೈಕಾಲಜಿಯ ದೊಡ್ಡ ಹೆಸರು ಮಾರ್ಟಿನ್ ಸೆಲಿಗ್ಮನ್ ಮತ್ತು ಅವರ ಜೊತೆಯವರು ಪರೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದರು. 577 ಜನರನ್ನು ಬೇರೆ ಬೇರೆ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದು ವಾರದ ಮಟ್ಟಿಗೆ ಒಂದೊಂದು ಕೆಲಸ ಕೊಟ್ಟರು. ಒಂದು ಗುಂಪಿಗೆ ಸುಮ್ನೆ ಚಿಕ್ಕಂದಿನ ನೆನಪು ಬರೆಯುವ ಕೆಲಸ, ಹೋಲಿಸಿ ನೋಡುವುದಕ್ಕೆ. ಮೂರು ಒಳ್ಳೆಯದು ಬರೆದ ಗುಂಪು ಆರು ತಿಂಗಳಾದ ಮೇಲೂ ಸ್ವಲ್ಪ ಹೆಚ್ಚು ಸಂತೋಷವಾಗಿತ್ತು. ಒಂದು ವಾರ ಮಾಡಿ ಅಂದಿದ್ದನ್ನು ತಮ್ಮ ಪಾಡಿಗೆ ತಾವು ಮುಂದುವರೆಸಿಕೊಂಡು ಹೋದವರಿಗೆ ಜಾಸ್ತಿ ಉಪಯೋಗ ಆಗಿತ್ತು.

ಅವರಿಗೆ ಕೊಟ್ಟ ಕೆಲಸದಲ್ಲಿ ಇನ್ನೊಂದು ತುಂಡು ಇತ್ತು, ಅದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಪ್ರತಿಯೊಂದರ ಮುಂದೆ ಅದು ಯಾಕೆ ಆಯಿತು ಅಂತ ಬರೆಯಬೇಕು. "ಊಟ ಚೆನ್ನಾಗಿತ್ತು" ಅಂದರೆ ಮನಸ್ಸು ಎಲ್ಲಿಗೂ ಹೋಗುವುದಿಲ್ಲ. "ಮಗಳು ಹಾಗಲಕಾಯಿ ಗೊಜ್ಜು ಎರಡನೇ ಸಲ ಹಾಕಿಸಿಕೊಂಡಳು, ಯಾಕೆಂದರೆ ಅತ್ತೆ ಅವಳಿಗೋಸ್ಕರ ಬೆಲ್ಲ ಒಂದು ಉಂಡೆ ಜಾಸ್ತಿ ಹಾಕಿದ್ದರು" ಅಂತ ಬರೆಯಬೇಕೆಂದರೆ ನೀವು ಊಟದ ಹೊತ್ತಿನಲ್ಲೇ ಕಣ್ಣು ಬಿಟ್ಟು ನೋಡಿರಬೇಕು. ಅಭ್ಯಾಸ ಆಗುವುದು ಅಲ್ಲಿ, ನೋಟ್‌ಬುಕ್ಕಿನಲ್ಲಲ್ಲ. ಆರೋಗ್ಯ, ಕೆಲಸ, ಮನೆ ಇವೆಲ್ಲ ಆ ದಿನ ಆದ ಸಂಗತಿಗಳಲ್ಲ, ನಿನ್ನೆಯೂ ಇದ್ದವು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಓಪನಿಂಗ್ ಬ್ಯಾಲೆನ್ಸ್ ಅಕ್ಕ. ಅವತ್ತಿನ ಜಮಾ ಏನು ಅಂತ ಬರೆಯಿರಿ.

ಇನ್ನೊಂದು, ದಿನಾ ಮಾಡಲೇಬೇಕು ಅಂತಿಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವವರು ಇಂಥದ್ದನ್ನೇ ಆರು ವಾರ ಮಾಡಿಸಿ ನೋಡಿದರು. ವಾರಕ್ಕೊಂದು ಸಲ ಬರೆದವರಿಗೆ ಉಪಯೋಗ ಆಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಹೋಮ್‌ವರ್ಕ್ ಆಗಿಬಿಟ್ಟರೆ ಮುಗಿಯಿತು.

ಕನ್ನಡಿ ವಿಷಯದಲ್ಲಿ ನೀವು ಹಲ್ಲುಜ್ಜಿದ್ದೇ ಸರಿ. 2009ರಲ್ಲಿ ಜೋಆನ್ ವುಡ್ ಎನ್ನುವವರು ಕೆನಡಾದಲ್ಲಿ ಇದನ್ನೇ ಪರೀಕ್ಷಿಸಿದರು. ತಮ್ಮ ಬಗ್ಗೆ ಮೊದಲೇ ಅಷ್ಟಕ್ಕಷ್ಟೇ ಅಭಿಪ್ರಾಯ ಇದ್ದವರು ಇಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರಿಗೆ ಇನ್ನೂ ಬೇಜಾರಾಯಿತು. ಬಾಯಿ ಒಂದು ಹೇಳುವಾಗ ಒಳಗಿನಿಂದ "ಸುಳ್ಳು, ಸುಳ್ಳು" ಅಂತ ಕೇಳಿಸುತ್ತಿರುತ್ತದಲ್ಲ, ಅದಕ್ಕೆ.

---

ಲೊಟ್ಟೆ_ಲೊಸಕು ಬರೆದಿದ್ದು:

ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೈಯಬೇಡಿ.

ಈ ಪಾಸಿಟಿವ್ ಸೈಕಾಲಜಿಯವರು ಒಂದು ಕಾಲದಲ್ಲಿ ಒಂದು ನಂಬರ್ ಕೊಟ್ಟಿದ್ದರು: 2.9013. ಒಂದು ಕೆಟ್ಟ ಭಾವನೆಗೆ ಇಷ್ಟು ಒಳ್ಳೆಯ ಭಾವನೆ ಇದ್ದರೆ ಮನುಷ್ಯ ಅರಳುತ್ತಾನಂತೆ, ಅದಕ್ಕಿಂತ ಕೆಳಗಿಳಿದರೆ ಬಾಡುತ್ತಾನಂತೆ. ದಶಮಾಂಶ ನಾಲ್ಕು ಸ್ಥಾನ! ನಮ್ಮೂರ ಸೊಸೈಟಿಯ ತಕ್ಕಡಿಗೂ ಅಷ್ಟು ನಿಖರತೆ ಇಲ್ಲ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಾಲ್ ಲೊಸಾಡಾ 2005ರಲ್ಲಿ ದೊಡ್ಡ ಪತ್ರಿಕೆಯಲ್ಲೇ ಬರೆದರು, ದ್ರವಗಳು ಹರಿಯುವುದನ್ನು ಲೆಕ್ಕ ಹಾಕುವ ಸಮೀಕರಣ ತಂದು ಮನಸ್ಸಿಗೆ ಹಚ್ಚಿದರು, ಎಂಟು ವರ್ಷ ಎಲ್ಲರೂ ತಲೆ ಆಡಿಸಿದರು. ಕೊನೆಗೆ ಹಿಡಿದದ್ದು ಯಾರು? ನಿಕ್ ಬ್ರೌನ್ ಅಂತ, ಕೆಲಸದ ಜೊತೆಗೆ ಲಂಡನ್ನಿನಲ್ಲಿ ಪಾರ್ಟ್‌ಟೈಮ್ ಎಂಎಸ್ಸಿ ಓದುತ್ತಿದ್ದ ನಡುವಯಸ್ಸಿನ ವಿದ್ಯಾರ್ಥಿ. ಕ್ಲಾಸಿನಲ್ಲಿ ಕೂತು "ಇದೇನೋ ಸರಿ ಕಾಣುತ್ತಿಲ್ಲವಲ್ಲ" ಅಂದುಕೊಂಡು, ಭೌತಶಾಸ್ತ್ರದ ಅಲನ್ ಸೋಕಲ್ ಅವರನ್ನೂ ಹ್ಯಾರಿಸ್ ಫ್ರೀಡ್‌ಮನ್ ಅವರನ್ನೂ ಜೊತೆ ಮಾಡಿಕೊಂಡು 2013ರಲ್ಲಿ ಆ ಗಣಿತದಲ್ಲಿ ಹುರುಳಿಲ್ಲ ಅಂತ ತೋರಿಸಿದರು. ಗಣಿತದ ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಖ ನಗುವ ಹಾಗೆ ಮಾಡಿದರೆ ಕಾರ್ಟೂನ್ ಜಾಸ್ತಿ ತಮಾಷೆ ಅನ್ನಿಸುತ್ತದೆ ಅಂತ 1988ರ ಪ್ರಯೋಗ ಇತ್ತಲ್ಲ, ಅದನ್ನೂ 2016ರಲ್ಲಿ 17 ಲ್ಯಾಬುಗಳು ಮತ್ತೆ ಮಾಡಿ ನೋಡಿದವು. ಮೊದಲಿನ ಹಾಗೆ ಬರಲಿಲ್ಲ.

ಮೇಲೆ ತಂಗಿ ಹೇಳಿದ 577 ಜನರ ಬಗ್ಗೆಯೂ ಒಂದು ಮಾತು. ಅವರೆಲ್ಲ ಸಂತೋಷ ಹುಡುಕಿಕೊಂಡು ಸೆಲಿಗ್ಮನ್ ವೆಬ್‌ಸೈಟಿಗೆ ತಾವಾಗಿಯೇ ಬಂದವರು. ಕೊನೆಯವರೆಗೆ ಉಳಿದವರು 411. ಹರಕೆ ಹೊತ್ತು ಬೆಟ್ಟ ಹತ್ತಿದವರನ್ನು ಮೇಲೆ ನಿಲ್ಲಿಸಿ "ದೇವರಿದ್ದಾನಾ" ಅಂತ ಕೇಳಿದ ಹಾಗೆ.

ನನ್ನ ಸಿಟ್ಟು ಬೇರೆ. ನಾನು ಹಿಂದೆ ಇದ್ದ ಒಂದು ಕಡೆ ರಾತ್ರಿ ಹತ್ತರವರೆಗೆ ದುಡಿಸಿಕೊಂಡು, ಎರಡು ವರ್ಷ ಸಂಬಳ ಏರಿಸದೆ, ಶುಕ್ರವಾರ "ಗ್ರ್ಯಾಟಿಟ್ಯೂಡ್ ಗೋಡೆ" ಅಂತ ಮಾಡಿ, ಯಾವುದಕ್ಕೆ ಕೃತಜ್ಞರು ಅಂತ ಹಳದಿ ಚೀಟಿಯಲ್ಲಿ ಬರೆದು ಅಂಟಿಸಿ ಅನ್ನುತ್ತಿದ್ದರು. ನಾನು "ಲಿಫ್ಟ್ ಕೆಲಸ ಮಾಡುತ್ತಿದೆ" ಅಂತ ಬರೆದು ಅಂಟಿಸಿದೆ. ಸೋಮವಾರ ಅದೂ ಕೆಟ್ಟಿತ್ತು.

ಮೊದಲು ನಿಮ್ಮ ಆಫೀಸ್ ಎಷ್ಟು ಗಂಟೆಗೆ ಬಿಡುತ್ತದೆ ಹೇಳಿ ಮೇಡಂ. ನಿದ್ದೆ ಎಷ್ಟು?

---

ಮೈಸೂರ್_ಮಲ್ಲಿಗೆಮೊಗ್ಗು ಬರೆದಿದ್ದು:

ಅಣ್ಣಾ, 2.9013 ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ, ನಮಗೆ ಕ್ಲಾಸಿನಲ್ಲೇ ಅದನ್ನು "ಹೀಗೆ ಮಾಡಬೇಡಿ" ಅಂತ ಹೇಳಿಕೊಡುತ್ತಿದ್ದರು. ಆದರೆ ಆ ತಪ್ಪನ್ನು ಹಿಡಿದ ನಿಕ್ ಬ್ರೌನ್ ಓದುತ್ತಿದ್ದುದೂ ಪಾಸಿಟಿವ್ ಸೈಕಾಲಜಿಯನ್ನೇ ಅಲ್ವಾ? ಮನೆಯೊಳಗಿನವರೇ ಕಸ ಗುಡಿಸಿದ್ದು. ಬರೆಯುವ ಅಭ್ಯಾಸದಿಂದ ಆಗುವ ಪರಿಣಾಮ ಚಿಕ್ಕದು. ಚಿಕ್ಕದು ಅಂದರೆ ಸುಳ್ಳು ಅಂತಲ್ಲ. ಹಳದಿ ಚೀಟಿ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿ ಬೇಕಿದ್ದದ್ದು ಸಂಬಳ.

---

ಸಾಗರದ_ಮೇಷ್ಟ್ರು ಬರೆದಿದ್ದು:

ನಾನು 2019ರಲ್ಲಿ ನಿವೃತ್ತನಾದ ಹೈಸ್ಕೂಲ್ ಮೇಷ್ಟ್ರು. ಸಂಶೋಧನೆ ಗೊತ್ತಿಲ್ಲ, ಆದದ್ದು ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ನಮ್ಮ ವೃತ್ತಿಯ ದೋಷ.

ಪೇಪರಿನಲ್ಲಿ ಒಂದು ಸಲ ಓದಿದ್ದೆ: ನಿಮಗೆ ಉಪಕಾರ ಮಾಡಿಯೂ ನೀವು ಸರಿಯಾಗಿ ಹೇಳದೇ ಬಿಟ್ಟ ಒಬ್ಬರಿಗೆ ಪತ್ರ ಬರೆದು, ಅಂಚೆಗೆ ಹಾಕದೆ, ನೀವೇ ಹೋಗಿ ಅವರೆದುರು ಓದಿ ಅಂತ. ನನಗೆ ತಕ್ಷಣ ನೆನಪಾದದ್ದು ನನ್ನ ಗಣಿತದ ಮೇಷ್ಟ್ರು. 1975ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀಸು ಕಟ್ಟಿದವರು ಅವರು. ಅಪ್ಪನ ಹತ್ತಿರ ಇರಲಿಲ್ಲ. ಆಮೇಲೆ ನಾನು ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳನ್ನು ಓದಿಸಿ, ನಿವೃತ್ತನೂ ಆದೆ. ಆ ಫೀಸಿನ ಮಾತು ಒಂದು ಸಲವೂ ಎತ್ತಿರಲಿಲ್ಲ. ನಾಚಿಕೆ.

ಒಂದೂವರೆ ಪುಟ ಬರೆಯಲು ನಾಲ್ಕು ದಿನ ಹಿಡಿಯಿತು. ಎರಡು ಬಸ್ ಬದಲಿಸಿ ಹೊಸನಗರದ ಕಡೆಯ ಅವರ ಹಳ್ಳಿಗೆ ಹೋದೆ. ಜಗಲಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ವಯಸ್ಸು ಎಂಬತ್ತೆಂಟು, ಕಿವಿ ಮಂದ. ಗುರುತು ಹಿಡಿಯುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ನಾನು ಪತ್ರ ತೆಗೆದು ಓದಲು ಶುರು ಮಾಡಿದೆ. ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಅವರು "ಗಟ್ಟಿಯಾಗಿ ಓದೋ, ಹಿಂದಿನ ಬೆಂಚಿನವರಿಗೆ ಕೇಳಬೇಡವೇನೋ" ಅಂದರು. ನಲವತ್ತು ವರ್ಷ ಮಕ್ಕಳಿಗೆ ನಾನು ಹೇಳಿದ ಮಾತೇ ಅದು! ಗಟ್ಟಿಯಾಗಿ ಓದಿದೆ. ಸೊಸೆ ಬಾಗಿಲಿಗೆ ಬಂದು ನಿಂತರು, ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದರು.

ಮುಗಿದ ಮೇಲೆ ಅವರು ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು, "ಆ ದುಡ್ಡು ನನ್ನದಲ್ಲ ಮಾರಾಯ. ಇವಳು ಹಾಲು ಹಾಕಿ ಕೂಡಿಸಿಟ್ಟಿದ್ದು. ಒಳಗೆ ಮಲಗಿದ್ದಾಳೆ, ಹೋಗಿ ಅವಳಿಗೆ ಓದು" ಅಂದರು.

ನಾನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ತಪ್ಪು ಮನುಷ್ಯರಿಗೆ ಋಣಿಯಾಗಿದ್ದೆ ನೋಡಿ. ಒಳಗೆ ಹೋಗಿ ಮಂಚದ ಹತ್ತಿರ ಕೂತು ಮತ್ತೆ ಮೊದಲಿಂದ ಓದಿದೆ, "ಮೇಷ್ಟ್ರೇ" ಅಂತ ಇದ್ದ ಕಡೆಯೆಲ್ಲ "ಅಮ್ಮಾ" ಅಂತ ಮಾಡಿಕೊಂಡು. ಆ ತಾಯಿ ಏನೂ ಮಾತಾಡಲಿಲ್ಲ. ಊಟ ಮಾಡಿಕೊಂಡು ಹೋಗು ಅಂತ ಕೈಸನ್ನೆ ಮಾಡಿದರು.

ಆ ತಿಂಗಳು ಪೂರ್ತಿ ನಾನು ಹಗುರಾಗಿದ್ದೆ. ನನ್ನ ಹೆಂಡತಿಯೇ ಕೇಳಿದಳು, ಏನು ಇಷ್ಟು ಸಮಾಧಾನದಲ್ಲಿದ್ದೀರಿ ಅಂತ. ಆಮೇಲೆ ನಿಧಾನಕ್ಕೆ ಮತ್ತೆ ಹಳೇ ಮನುಷ್ಯನೇ ಆದೆ, ಬೆಳಿಗ್ಗೆ ಪೇಪರ್ ಓದಿ ಬೈಯುವುದು ಬಿಟ್ಟಿಲ್ಲ.

---

ಮೈಸೂರ್_ಮಲ್ಲಿಗೆಮೊಗ್ಗು ಬರೆದಿದ್ದು:

ಮೇಷ್ಟ್ರೇ, ಬಸ್ಸಿನಲ್ಲಿ ಕೂತು ಓದಿದೆ, ಪಕ್ಕದವರು ಟಿಶ್ಯೂ ಕೊಟ್ಟರು.

ನೀವು ಹೇಳಿದ ಒಂದು ತಿಂಗಳ ಲೆಕ್ಕ ಅದೇ 2005ರ ಪರೀಕ್ಷೆಯಲ್ಲೂ ಹೀಗೇ ಬಂದಿದೆ. ಪತ್ರ ಓದಿದ ಗುಂಪಿಗೆ ಎಲ್ಲರಿಗಿಂತ ದೊಡ್ಡ ಸಂತೋಷ ಸಿಕ್ಕಿತ್ತು, ಅದು ಒಂದು ತಿಂಗಳು ಉಳಿಯಿತು, ಮೂರು ತಿಂಗಳಿಗೆ ಇಳಿದುಹೋಗಿತ್ತು.

---

ರಾತ್ರಿಪಾಳಿ_ಸಿಸ್ಟರ್ ಬರೆದಿದ್ದು:

ನಾನು ನರ್ಸ್. ಬೇರೆಯವರೆಲ್ಲ ನೋಟ್‌ಬುಕ್ ಬಗ್ಗೆ ಬರೆದಿದ್ದಾರೆ, ನನಗೆ ನಿಮ್ಮ ಪ್ರಶ್ನೆಯಲ್ಲಿ "ಯಾವುದರಲ್ಲೂ ರುಚಿ ಇಲ್ಲ" ಅನ್ನುವ ಮಾತೇ ಕಣ್ಣಿಗೆ ಬಿತ್ತು. ಅದು ಎಷ್ಟು ದಿನದಿಂದ? ನಿದ್ದೆ ಬರುತ್ತದಾ, ಅಥವಾ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದಾ? ಊಟ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಈಗ ಮುಟ್ಟಲೂ ಮನಸ್ಸಿಲ್ಲವಾ? ಇದ್ದು ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತದಾ? ಇವೆಲ್ಲ ಎರಡು ವಾರಕ್ಕಿಂತ ಜಾಸ್ತಿ ದಿನ, ಬಹುತೇಕ ದಿನವಿಡೀ ಇದ್ದರೆ ಡಾಕ್ಟರಿಗೆ ತೋರಿಸಬೇಕು. ಥೈರಾಯ್ಡ್, ರಕ್ತಹೀನತೆ ಇದ್ದರೂ ಹೀಗೆ ಮಂಕು ಕವಿಯುತ್ತದೆ, ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ.

ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್‌ನವರೇ ದೇಶಕ್ಕೆಲ್ಲ ಮುಖ್ಯವಾಗಿ ನೋಡಿಕೊಳ್ಳುತ್ತಾರೆ.

ಇನ್ನೊಂದು ಹೇಳಬೇಕು. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಒಂದು ಕೆಲಸ ಮಾಡಿತ್ತು, 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜೋರಾದ ಖಿನ್ನತೆ ಇದ್ದವರಿಗೆ, ಡಾಕ್ಟರಲ್ಲದ, ತರಬೇತಿ ಕೊಟ್ಟ ಸಾಮಾನ್ಯ ಜನರೇ ಆರರಿಂದ ಎಂಟು ಸಲ ಕೂತು ಮಾತಾಡುತ್ತಿದ್ದರು. ಸಾಧಾರಣ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಮೂರು ತಿಂಗಳಿಗೆ ನೂರಕ್ಕೆ 39 ಜನ ಚೇತರಿಸಿಕೊಂಡರೆ, ಹೀಗೆ ಮಾತಾಡಿಸಿದವರಲ್ಲಿ 64 ಜನ. ಅವರು "ಒಳ್ಳೆಯದು ಯೋಚಿಸಿ" ಅಂತ ಹೇಳಿಕೊಡಲಿಲ್ಲ. ಬಿಟ್ಟುಬಿಟ್ಟ ಸಣ್ಣ ಸಣ್ಣ ಕೆಲಸಗಳನ್ನು ಮತ್ತೆ ಶುರು ಮಾಡಿಸಿದರು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಮಾಡುತ್ತಾ ಹೋದರೆ ಮನಸ್ಸು ಹಿಂದಿನಿಂದ ಬರುತ್ತದೆ, ಇಷ್ಟೇ.

---

ತುಂಗೆ_ದಡದವಳು ಬರೆದಿದ್ದು:

ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಸಿಸ್ಟರ್, ನಿದ್ದೆ ಬರುತ್ತದೆ, ಊಟ ಸೇರುತ್ತದೆ, ನೀವು ಕೊನೆಗೆ ಕೇಳಿದ ಯೋಚನೆ ಇಲ್ಲ. ಆದರೂ ಶನಿವಾರ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಹಿಮೋಗ್ಲೋಬಿನ್ ಕಮ್ಮಿ ಇದೆಯಂತೆ, ಮಾತ್ರೆ ಕೊಟ್ಟಿದ್ದಾರೆ. ಮೊದಲು ಇಷ್ಟಪಟ್ಟು ಮಾಡುತ್ತಿದ್ದುದು ಏನು ಅಂತ ಕೇಳಿದಿರಲ್ಲ, ಎರಡು ದಿನ ಯೋಚಿಸಬೇಕಾಯಿತು. ಹಾಡು ಹೇಳುತ್ತಿದ್ದೆ. ಹಾಡುವುದು ನಿಲ್ಲಿಸಿದ್ದು ಯಾವಾಗ ಅಂತಲೇ ನೆನಪಿಲ್ಲ.

ಲೊಸಕು ಸರ್, ಆಫೀಸು ಏಳಕ್ಕೆ ಬಿಡುತ್ತದೆ, ಮನೆ ಸೇರುವಾಗ ಎಂಟೂಕಾಲು.

---

ಮಿಷಿಗನ್_ಮಂಡ್ಯ ಬರೆದಿದ್ದು:

ಒಂದೂಕಾಲು ಗಂಟೆ ಪ್ರಯಾಣ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನಿರುವುದು ಶಿಕಾಗೋ ಹತ್ತಿರ, ಮೆಟ್ರಾ ಅನ್ನುವ ಇಲ್ಲಿನ ಲೋಕಲ್ ರೈಲಿನಲ್ಲಿ ಓಡಾಡುತ್ತೇನೆ. ಇದೇ ರೈಲಿನಲ್ಲಿ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ್ದರು. ಒಂದಷ್ಟು ಜನಕ್ಕೆ ಇವತ್ತು ಪಕ್ಕದವರ ಜೊತೆ ಮಾತಾಡಿ ಅಂದರು, ಒಂದಷ್ಟು ಜನಕ್ಕೆ ಸುಮ್ನೆ ನಿಮ್ಮ ಪಾಡಿಗೆ ಕೂತಿರಿ ಅಂದರು, ಉಳಿದವರಿಗೆ ದಿನಾ ಇದ್ದ ಹಾಗೇ ಇರಿ ಅಂದರು. ಹೇಗಿರುತ್ತದೆ ಅಂತ ಊಹಿಸಲು ಹೇಳಿದಾಗ ಜನ ಮಾತಾಡುವುದೇ ಎಲ್ಲಕ್ಕಿಂತ ಕಿರಿಕಿರಿ ಅಂದಿದ್ದರು. ಆದದ್ದು ಉಲ್ಟಾ. ಮಾತಾಡಿದವರ ಪ್ರಯಾಣವೇ ಚೆನ್ನಾಗಿತ್ತು.

ನಮಗೆ ಇದಕ್ಕೆ ಪ್ರಯೋಗ ಬೇಕಿತ್ತಾ ಅಂತ ನಗು ಬರುತ್ತದೆ. ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುವಾಗ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಎದುರಿಗಿದ್ದವರ ಮಗಳಿಗೆ ಗಂಡು ಹುಡುಕುವ ಜವಾಬ್ದಾರಿ ನಮ್ಮ ಅಮ್ಮನ ತಲೆ ಮೇಲೆ ಬಿದ್ದಿರುತ್ತಿತ್ತು. ಇಲ್ಲಿಗೆ ಬಂದು ಆರು ವರ್ಷ ನಾನು ಇಯರ್‌ಫೋನ್ ಹಾಕಿಕೊಂಡೇ ಕೂತಿದ್ದೆ. ಈಗ ದಿನಾ ಅಲ್ಲ, ವಾರಕ್ಕೆ ಎರಡು ಸಲ ತೆಗೆದಿಡುತ್ತೇನೆ. ಎಲ್ಲರೂ ಮಾತಾಡುವುದಿಲ್ಲ. ಒಬ್ಬ ಅಜ್ಜ ಮಾತ್ರ ಹೋದ ಬೇಸಿಗೆಯಿಂದ ನನಗೆ ಟೊಮ್ಯಾಟೊ ತಂದುಕೊಡುತ್ತಿದ್ದಾರೆ.

ಆಫೀಸಿಂದ ಬೇಗ ಬಿಡಿಸಿಕೊಳ್ಳುವುದಕ್ಕೆ ಆಗುತ್ತದಾ ನೋಡಿ, ಅದು ಮೊದಲು. ಅಲ್ಲಿವರೆಗೆ ಆ ಒಂದೂಕಾಲು ಗಂಟೆಯನ್ನಾದರೂ ಉಳಿಸಿಕೊಳ್ಳಿ.

---

ತುಂಗೆ_ದಡದವಳು ಬರೆದಿದ್ದು (ಮೂರು ವಾರದ ನಂತರ):

ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಮಹಾ ಬದಲಾವಣೆ ಏನೂ ಇಲ್ಲ. ಕನ್ನಡಿ ಬಿಟ್ಟೆ. ದಿನಾ ಬರೆಯುವುದನ್ನೂ ಬಿಟ್ಟು ಭಾನುವಾರ ಮಾತ್ರ ಬರೆಯುತ್ತೇನೆ, "ಯಾಕೆಂದರೆ" ಸೇರಿಸಿ. ಮೊದಲ ಭಾನುವಾರ ಒಂದೂ ಹೊಳೆಯದೆ ಇಪ್ಪತ್ತು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ಎರಡನೇ ವಾರ ಮಧ್ಯದಲ್ಲೇ "ಇದು ಭಾನುವಾರಕ್ಕೆ" ಅಂತ ಅನ್ನಿಸತೊಡಗಿತು, ಮಲ್ಲಿಗೆಮೊಗ್ಗು ಹೇಳಿದ್ದು ಇದನ್ನೇ ಇರಬೇಕು. ಮೆಟ್ರೋದಲ್ಲಿ ಮಾತಾಡಲು ಹೋಗಿ ಒಬ್ಬಾಕೆ ನನ್ನನ್ನು ಇನ್ಶೂರೆನ್ಸ್ ಏಜೆಂಟ್ ಅಂದುಕೊಂಡು ಎದ್ದು ಹೋದರು. ಇನ್ನೊಬ್ಬರು ಹೂವಿನ ಬುಟ್ಟಿ ಇಟ್ಟುಕೊಂಡು ಯಶವಂತಪುರದವರೆಗೆ ಸೇವಂತಿಗೆ ರೇಟು ಹೇಗೆ ಏರಿಳಿಯುತ್ತದೆ ಅಂತ ಹೇಳಿದರು, ನಮ್ಮ ಮ್ಯಾನೇಜರಿಗಿಂತ ಚೆನ್ನಾಗಿ ಲೆಕ್ಕ ಗೊತ್ತು ಆಕೆಗೆ. ಆಫೀಸಿನಲ್ಲಿ ವಾರಕ್ಕೆರಡು ದಿನ ಆರಕ್ಕೆ ಹೊರಡುತ್ತೇನೆ ಅಂತ ಕೇಳಿದೆ, ಒಂದು ದಿನಕ್ಕೆ ಒಪ್ಪಿದ್ದಾರೆ. ಹಾಡು ಇನ್ನೂ ಇಲ್ಲ. ಪಾತ್ರೆ ತೊಳೆಯುವಾಗ ಎರಡು ಸಾಲು ಬಂತು, ಮುಂದಿನ ಸಾಲು ಮರೆತಿದ್ದೆ.

ಹೋದ ಭಾನುವಾರ ನಾನು ಬರೆಯುವಾಗ ಅತ್ತೆ ಪಕ್ಕದಲ್ಲಿ ಬಂದು ಕೂತು, "ಹಾಲಿನ ಲೆಕ್ಕ ಆಯ್ತಾ?" ಅಂದರು. ಇದು ಹಾಲಿನ ಲೆಕ್ಕ ಅಲ್ಲ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದೆ, ಏನು ಅಂತಲೂ ಓದಿ ತೋರಿಸಿದೆ. ಗೊಜ್ಜಿನ ಬೆಲ್ಲದ ಕಥೆ ನಿಜವಾಗಿ ನಡೆಯದಿದ್ದರೂ ಅಂಥದ್ದೇ ಒಂದು ಅದರಲ್ಲಿತ್ತು, ಅವರ ಹೆಸರೂ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಂದೂ ಒಂದು ಬರ್ಕೋ" ಅಂದರು. ಹೇಳಿ ಅಂದೆ.

"ಬಾಲ್ಕನಿ ಕರಿಬೇವು ಚಿಗುರಿದೆ."

ಯಾಕೆ ಅಂತಲೂ ಹೇಳಬೇಕು ಅತ್ತೆ, ಅಂದೆ.

"ಯಾಕೆ ಅಂದ್ರೆ? ನೀವೆಲ್ಲ ಚೆಲ್ಲೋ ಹುಳಿ ಮಜ್ಜಿಗೆ ಒಂದು ತಿಂಗಳಿಂದ ನಾನು ಅದಕ್ಕೆ ಹಾಕ್ತಾ ಇದೀನಿ. ಯಾರೂ ನೋಡಿಲ್ಲ."

ಬರೆದುಕೊಂಡಿದ್ದೇನೆ.